ಕಲ್ಲಚ್ಚು

ಬರೆದವರು ಕಾತಿಬ್ ಜಲೀಲ್ ಸಾಹೇಬರು,
ಕಲ್ಲಿಗೆ ನೀರು ಸವರಿದಾಂವ ನಾ.
ಕಲಬುರಗಿ ಚೌಕದ ಹಿಂದ, ತಟ್ಟು ಕಟ್ಟಿದ ಕಿಟಕಿ,
ದಿನಕ್ಕ ಎಂಟಾಣೆ, ಸಂಜಿಗೊಂದು ಉಸ್ಮಾನಿಯಾ ಬಿಸ್ಕೀಟು.

ಜಿಡ್ಡಿನ ಮಸಿ ಅದ್ದಿ ಅವರು
ಕನ್ನಡಿಯೊಳಗಿನಂಗ ತಿರುವಿ ಬರೀತಿದ್ದರು.
ಕಲ್ಲಿನ ಮ್ಯಾಲ ಉರ್ದು
ನಮ್ಮ ಕನ್ನಡದಂಗ
ಎಡದಿಂದ ಬಲಕ್ಕ ಹೊಂಟಿರ್ತಿತ್ತು.

ಆಮ್ಯಾಲ ನನ್ನ ಒದ್ದಿ ಅರಿವಿ.
ಖಾಲಿ ಕಲ್ಲು ನೀರು ಕುಡೀತಿತ್ತು,
ಅಕ್ಷರ ಮಾರಿ ತಿರುವ್ತಿತ್ತು.
ಚರ್ಮದ ರೋಲು ಉರುಳಿದರ
ನೀರಿದ್ದಲ್ಲಿ ಮಸಿ ಹತ್ತಂಗಿಲ್ಲ,
ಜಿಡ್ಡಿದ್ದಲ್ಲಿ ಬಿಡಂಗಿಲ್ಲ.
ಎಣ್ಣಿ ನೀರಿನ ಜಗಳದಾಗ
ನಮ್ಮಿಬ್ಬರ ರೊಟ್ಟಿ.

ಐನೂರು ಹಾಳಿ ಆದಮ್ಯಾಲ
‘ಏ ಸಾಯಬಣ್ಣಾ, ಉಜ್ಜು!’
ಮರಳು ಹಾಕಿ, ಕಲ್ಲಿಗೆ ಕಲ್ಲು ತಿಕ್ಕಿ
ಲಗ್ನ, ಲಿಲಾವು, ಸಿನಿಮಾ, ಎಲ್ಲಾ ಅಳಿಸಬೇಕು.
ಒಂದ್ಸಲ ಅವಸರ ಮಾಡಿದೆ.
ಹಕೀಮರ ಮೂಲವ್ಯಾಧಿ ಗುಳಿಗಿ ಇಶ್ತಿಹಾರಿನ ನಡುವ
ಹೋದ ವಾರದ ಮದುಮಗಳು
ರಫೀಯಾ ಬೇಗಂ
ಮಂಜಿನಂಗ ಮೂಡಿ ನಿಂತಳು.

ಏಟು ಬೀಳ್ತದಂತ ಕಣ್ಣು ಮುಚ್ಚಿದೆ.
ಸಾಹೇಬರು ಹಾಳಿ ಬೆಳಕಿಗೆ ಹಿಡಿದು
ಬಾಳ ಹೊತ್ತು ನೋಡಿ
‘ಈ ಫೆ ಚಲೋ ಬಂದದ’ ಅಂದರು.

ಆಫ್ಸೆಟ್ ಬಂತು. ಬಾಕಿ ಪಗಾರದಾಗ
ನನ್ನ ಪಾಲಿಗೆ ಬಂದದ್ದು ಆ ಕಲ್ಲು.
ನಾ ಉಜ್ಜಿ ಉಜ್ಜಿ
ನಾಕ ಬೆರಳಿದ್ದದ್ದು ಎರಡಾಗಿತ್ತು.

ಈಗ ಬಚ್ಚಲದಾಗ ಅದ.
ಒಂದು ಮೂಲ್ಯಾಗ ನೀರು ನಿಂದರಂಗಿಲ್ಲ,
ಹನಿ ಹನಿಯಾಗಿ ಸರೀತದ.
‘ಜಿಡ್ಡದ, ತಿಕ್ಕರಿ’ ಅಂತಾಳ ಹೆಂಡತಿ.
ಹೂಂ ಅಂತೀನಿ,
ಉಳಿದದ್ದಷ್ಟೇ ತಿಕ್ಕತೀನಿ.