ದಾದಾಪೀರ್ ಕೊಟ್ಟ ಹೇಳಿಕೆ

ಬರೆದುಕೊಳ್ಳಿ ಮೇಡಂ.
ದಾದಾಪೀರ್, ಭರಮಸಾಗರದ ನೀರುಗಂಟಿ,
ಹತ್ತೊಂಬತ್ತು ವರ್ಷ ಇದೇ ಟ್ಯಾಂಕಿನ ಕೆಳಗೆ.
ರಾತ್ರಿ ಎರಡೂವರೆ. ಮೊದಲು ವಾಲ್ವಿನ ಕೀಲಿ
ಮೊಳೆಯಲ್ಲಿ ತಾನಾಗೇ ತೂಗಿತು.
ಆಮೇಲೆ ನಾಯಿ. ಆಮೇಲೆ ಮೇಲಿಂದ
ಯಾರೋ ಬಾಯಿ ಮುಕ್ಕಳಿಸಿದ ಸದ್ದು.

ನೀರೆಷ್ಟಿತ್ತು ಅಂತೀರಿ.
ಹಲಗೆ ನೋಡಿದೆ. ಅದರದು ಉಲ್ಟಾ ಲೆಕ್ಕ,
ನೀರು ಇಳಿದರೆ ಮುಳ್ಳು ಏರುತ್ತೆ.
ನಡುಮಧ್ಯೆ ಇತ್ತು, ನಿಲ್ಲದೆ ಮೇಲೆ ಕೆಳಗೆ,
ಸುಳ್ಳು ಹೇಳುವವನ ಕಣ್ಣಿನ ಹಾಗೆ.

ತುಂಬಿದ ಕೊಡ ತುಳುಕೋದಿಲ್ಲ ಅಂತಾರಲ್ಲ,
ನಿಜ, ತುಳುಕೋದಿಲ್ಲ.
ಅಷ್ಟೂ ಭಾರ ಸೊಂಟಕ್ಕೇ ಬೀಳುತ್ತೆ;
ನಮ್ಮಮ್ಮ ಇದ್ದಿದ್ದರೆ ಹೇಳುತ್ತಿದ್ದಳು.
ಅರೆಗೊಡದ ನೀರಿಗೆ ಅದರದೇ ನಡಿಗೆ:
ತಳದ್ದು ಟ್ಯಾಂಕಿನ ಜೊತೆಗೇ ಹೊರಡುತ್ತೆ,
ಮೇಲಿನದು ಉಂಡೆದ್ದ ನೆಂಟನ ಹಾಗೆ ನಿಧಾನ.
ಕಂಬ ದಾವಣಗೆರೆ ಕಡೆ ವಾಲಿದಾಗ
ಅದಿನ್ನೂ ದುರ್ಗದ ಕಡೆಯ ಗೋಡೆಯಲ್ಲಿ.
ಹಿಡಿದು ನಿಲ್ಲಿಸಿತೋ, ಇನ್ನಷ್ಟು ದೂಡಿತೋ,
ನೀವು ಓದಿದವರು.

ಬಿರುಕು? ಬನ್ನಿ.
ಮೂರನೇ ಕಂಬ, ಅಡ್ಡತೊಲೆ ಕೂಡುವ ಮೂಲೆ.
ಕಿರುಬೆರಳು ಹೋಗುತ್ತೆ. ಒಳಗೆ ಕಬ್ಬಿಣ ತಣ್ಣಗಿದೆ.
ಹೋದ ವರ್ಷ ಕೂದಲೆಳೆಯಷ್ಟಿತ್ತು.
ಸುಣ್ಣ ಬಳಿದವನು ನಾನೇ, ಅದನ್ನೂ ಬರೆಯಿರಿ.

ನೆಲ ನಡುಗಿದ್ದು ಒಂದು ಬೀಡಿ ಹಚ್ಚುವಷ್ಟು ಹೊತ್ತು.
ನಾನು ಬ್ಯಾಟರಿ ಹಿಡಿದು ಏಣಿ ಹತ್ತಿದೆ.
ಹತ್ತಬಾರದಿತ್ತು, ಗೊತ್ತು.
ಮುಚ್ಚಳ ಸರಿಸಿ ಬಗ್ಗಿದರೆ
ಊರೆಲ್ಲ ಬೀದಿಗೆ ಬಂದು ಸುಮ್ಮನಾದ ಮೇಲೂ
ಕತ್ತಲೊಳಗೆ ಅದೊಂದೇ
ಆ ಗೋಡೆಯಿಂದ ಈ ಗೋಡೆಗೆ
ನಡೆಯುತ್ತಿತ್ತು.

ಆರಕ್ಕೆ ಎಂದಿನಂತೆ ನೀರು ಬಿಟ್ಟೆ.
ಗಂಗಮಾಳಮ್ಮ ಒಬ್ಬಳೇ ಬೈದಳು,
ಬಿಂದಿಗೆಯ ತಳದಲ್ಲಿ ಕೆಂಪು ರಾಡಿಯಂತೆ.
ನಾನು ಏನೂ ಅನ್ನಲಿಲ್ಲ.
ಮುಳ್ಳು ಏರುವುದನ್ನೇ ನೋಡುತ್ತಾ
ಖಾಲಿಯಾಗುವ ತನಕ ಕೆಳಗೇ ಕೂತಿದ್ದೆ.