ಗಾಳಿಯ ಹದ್ದಬಸ್ತ್

ಅರ್ಜಿ ಬಂದಾಗ ನನ್ನ ಮೋಜಣಿ ನೌಕರಿಗೆ ಹತ್ತೊಂಬತ್ತು ವರ್ಷ.
ಮೂವತ್ಮೂರು ಅಡಿಯ ಸರಪಳಿ, ಎರಡು ಝಂಡಾ, ಸುಣ್ಣ ಬಳಿದ ಒಂದು ಕಲ್ಲು.
ಗುಳೇದಗುಡ್ಡದಲ್ಲಿ ಬಸ್ಸಿಳಿದು ಕತ್ತೆತ್ತಿದರೆ
ಮೇಲೆ ಎರಡು ದೇಸಗತಿ.
ಮೂಡಲಿಗೆ ನವಿಲುಗುಂಡು, ಪಡುವಲಿಗೆ ಹದ್ದಿನಕೊಳ್ಳ,
ಬುಡವಿಲ್ಲದ ಎರಡು ಕೆಂಪು ಬಂಡೆ,
ಎಮ್ಮೆಗಳು ಕೆರೆಯಲ್ಲಿ ನಿಂತ ಹಾಗೆ
ಆಕಾಶದಲ್ಲಿ ನಿಂತಿದ್ದವು.

ನವಿಲುಗುಂಡಿನ ದೊರೆಸಾನಿ ನೀಲಾಂಬಿಕೆ ನೂಲೇಣಿ ಬಿಟ್ಟಳು.
ಏರಿದೆ. ಕಾಲು ನಡುಗಿದ್ದನ್ನು
ಪಂಚನಾಮೆಯಲ್ಲಿ ಬರೆಯಲಿಲ್ಲ.
ಬೆಲ್ಲ ನೀರು ಕೊಟ್ಟಳು, ಅಂಗೈ ತುಂಬ ಬೆಲ್ಲ, ಗುಟುಕು ನೀರು.
"ನಡುವಿನ ಗಾಳಿ ನಮ್ದು ನೋಡ್ರಿ ಸಾಹೇಬ್ರ,
ನಮ್ಮ ಮುತ್ಯಾ ಅದರಾಗ ಪಾರಿವಾಳ ಬಿಡ್ತಿದ್ದ."

ಹದ್ದಿನಕೊಳ್ಳದ ಬಸಪ್ರಭು ಬುಟ್ಟಿ ಇಳಿಸಿದ.
ಮಾದಲಿ ಬಡಿಸಿ, ಸಾಕೆಂದರೂ ತುಪ್ಪ ಸುರಿದ.
"ಗಾಳಿ ನಮ್ದು. ನಮ್ಮ ಅಜ್ಜ ಅದರಾಗ ಬಿದ್ದು ಸತ್ತಾನ.
ಇದಕಿಂತ ಖರೇ ಉತಾರ ಎಲ್ಲೈತ್ರಿ?"

ಎರಡೂ ಕಡೆ ತೋಪುಗಳಿದ್ದವು, ಮದ್ದಿರಲಿಲ್ಲ.
ಮುಂಜಾನೆ ಪೂಜೆ ಮುಗಿದ ಮೇಲೆ, ತಪ್ಪದೆ,
ಬೈಗುಳ ಮಾತ್ರ ಎದುರಾಬದುರು ಹಾರುತ್ತಿದ್ದವು.
ನವಿಲುಗುಂಡಿನ ಹುಂಜಗಳು
ಪಡುವಲಿಗೆ ಮುಖ ಮಾಡಿ ಕೂಗಬಾರದೆಂದು
ಹಳೆಯದೊಂದು ಹುಕುಮೂ ಇತ್ತು.
ಹುಂಜಗಳಿಗೆ ಓದು ಬರುತ್ತಿರಲಿಲ್ಲ.

ಬುಟ್ಟಿಯಲ್ಲಿ ಜೋತಾಡುತ್ತ ಅಳೆಯಲು ನಿಂತೆ.
ಸರಪಳಿಯ ತುದಿ ಎಸೆದರೆ ಯಾರ ಸೀಮೆಗೂ ಮುಟ್ಟದೆ
ಕೆಳಗೆ ನೇತುಬಿದ್ದು ತಲೆ ಅಲ್ಲಾಡಿಸಿತು.
ಹದ್ದಿನ ಕಲ್ಲನ್ನಾದರೂ ನೆಡಲೇಬೇಕು, ಕಾಯಿದೆ ಹಾಗಿದೆ.
ನಡು ಗಾಳಿ ಇದೇ ಇರಬೇಕೆಂದು ಗುರುತು ಹಿಡಿದು
ಕಲ್ಲಿಟ್ಟು ಕೈಬಿಟ್ಟೆ.
ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಕೇಳಿತು:
"ಯಾವನಲೇ ಅವ!"

ಆಮೇಲೆ ನಕಾಶೆ ಬರೆಯುತ್ತ ಕೂತೆ.
ನವಿಲುಗುಂಡು ಎಲ್ಲಿ ಉಬ್ಬಿದೆಯೋ
ಅಲ್ಲೇ ಹದ್ದಿನಕೊಳ್ಳ ತಗ್ಗಿದೆ.
ಇದರ ಮೂಗು ಅದರ ಬಗಲಿಗೆ,
ಅದರ ಮೊಣಕೈ ಇದರ ಪಕ್ಕೆಗೆ.
ಯಾರೋ ಒಂದೇ ರೊಟ್ಟಿ ಮುರಿದು
ಅರ್ಧರ್ಧ ಹಿಡಿದುಕೊಂಡು ಮಾತು ಬಿಟ್ಟ ಹಾಗೆ.

ಪೆನ್ಸಿಲ್ ಕಚ್ಚಿಕೊಂಡು ಕೂತೆ. ಹತ್ತೊಂಬತ್ತು ವರ್ಷದಲ್ಲಿ
ಮೊದಲ ಸಲ ನನಗೇನೋ ಸಿಕ್ಕಿತ್ತು.
ಇದನ್ನು ವರದಿಯಲ್ಲಿ ಬರೆದರೆ ಬಂಡೆಗಳು ಕೂಡಿಯಾವು,
ದೊರೆಸಾನಿ ದೊರೆಗೆ ತುಪ್ಪ ಬಡಿಸಿಯಾಳು,
ನನಗೊಂದು ಬಡ್ತಿ ಸಿಕ್ಕೀತು.

ಇಳಿದು ಬಂದಾಗ ಸರಿಯಾಗಿ ಹನ್ನೆರಡು.
ಅಂಗಳದಲ್ಲಿ ಪಾರೋತೆವ್ವ ಬಣ್ಣದ,
ಮೊಣಕೈವರೆಗೆ ನೀಲಿ, ಪಕ್ಕದಲ್ಲಿ ಒಡೆದ ಹರವಿ,
ಹರವಿಯೊಳಗೆ ಅರ್ಧ ನೀಲಿಯಾದ ನನ್ನ ಕಲ್ಲು.
"ಈ ಕಲ್ಲ ನಿಂದೇನು?"
ತಲೆ ತಗ್ಗಿಸಿದೆ. ಗಳದ ಮೇಲೆ
ಖಣದ ನೂಲಿನ ಲಡಿಗಳು ಹಸಿಹಸಿ ತೊಟ್ಟಿಕ್ಕುತ್ತಿದ್ದವು.
"ಮುಂಜಾನೆ ಆಕೀ ನೆಳ್ಳ, ಸಂಜೀಕ ಅವನ ನೆಳ್ಳ.
ಅವರಿಬ್ಬರ ಸಂದ್ಯಾಗ ಬೀಳ್ತೈತಲ್ಲ, ಅಷ್ಟ ನೋಡು ನಮ್ಮ ಬಿಸಲ.
ಗಾಳಿ ಯಾರದರ ಆಗವಲ್ಲದ್ಯಾಕ,
ಹೆಂಗೂ ಬಂದೀದಿ, ಇದನ್ನ ಅಳದು ಹೋಗು."

ನೋಡಿದೆ. ಅಂಗಳದಲ್ಲಿ ಬಿದ್ದಿತ್ತು
ನನ್ನ ನಕಾಶೆಯ ಆ ಡೊಂಕು ಗೆರೆ,
ಅದೇ ಉಬ್ಬು, ಅದೇ ತಗ್ಗು, ಬಿಸಿಲಿನದು.
ಆಕೆ ಗಳ ಹೊತ್ತು ಅದರ ಹಿಂದೆಯೇ
ಒಂದೊಂದು ಮೊಳ ಸರಿಯುತ್ತಿದ್ದಳು.

ನಕಾಶೆಯನ್ನು ಎರಡು ಮಡಿಕೆ ಮಾಡಿ ಅಂಗಿಯ ಒಳಗಿಟ್ಟೆ.
ನಮೂನೆಯಲ್ಲಿ ಬರೆದೆ:
ಗಾಳಿ, ಅಳತೆಗೆ ಸಿಕ್ಕಿಲ್ಲ, ಮುಂದಿನ ತಾರೀಖು ಕೊಡಬೇಕು.
ಬಿಸಿಲು, ಎರಡು ಗುಂಟೆ ಒಂಬತ್ತಾಣೆ.
ಕಬ್ಜೇದಾರರು: ಪಾರೋತೆವ್ವ ಬಣ್ಣದ.

ಸಹಿಗೆ ಆಕೆ ನೀಲಿ ಹೆಬ್ಬೆಟ್ಟು ಒತ್ತಿದಳು.
ಮೇಲೆ ಯಾವುದೋ ಹುಂಜ ಪಡುವಲಿಗೆ ಕೂಗಿತು,
ಮತ್ತೆ ಶುರುವಾಯಿತು ಬೈಗುಳ.
ಹಿಡಿದೆಳೆದ ನನ್ನ ಸರಪಳಿ
ಬಿಸಿಲಿನ ಉದ್ದಕ್ಕೂ ಬಿಗಿಯಾಗಿ ನಿಂತಿತ್ತು.
ಆಕೆ ಅದರ ಮೇಲೂ ಒಂದು ಲಡಿ ಹಾಕಿದಳು.