ಹೆಚ್ಚಿನ ತೂಕ

ನಾನು ಪತ್ತಾರ ಮೋನಪ್ಪ. ರಾಯಚೂರು ಟೇಸನ್ನಿನಾಗ
ಟಪಾಲು ಚೀಲಕ್ಕ ಅರಗು ಹಚ್ಚಾಂವ.
ನಮ್ಮಪ್ಪ ಇದೇ ಅರಗಿನಾಗ ಮೂಗುತಿಗೆ ಹರಳು ಕೂಡಸತಿದ್ದ.
ನಾನು ಚೀಲದ ಬಾಯಿ ಮುಚ್ಚತೀನಿ.
ಚೀಲ ಮಾತಾಡಬಾರದು,
ಅದಕ್ಕ ನನಗ ತಿಂಗಳಿಗೆ ಆರು ರೂಪಾಯಿ.

ಮುಂಬೈ ಕಂಪನಿ ಹಳಿ ಇಲ್ಲಿಗೆ ಮುಗೀತದ.
ಮದರಾಸು ಕಂಪನಿ ಹಳಿ ಇಲ್ಲಿಂದ ಸುರು.
ನಡುವ ಹದಿನೆಂಟು ಹೆಜ್ಜಿ ಕಲ್ಲುಹಾಸು.
ಲಂಡನ್ನು ಬಿಟ್ಟು, ಇಟಲಿ ದಾಟಿ, ಸುಯೇಜಿನ ಕಾಲುವಿ ದಾಟಿ,
ಏಡನ್ನಿನಾಗ ಕಲ್ಲಿದ್ದಲು ತುಂಬಿಕೊಂಡ ಹಡಗಿನಾಗ ಬಂದ ಕಾಗದ
ಈ ಹದಿನೆಂಟು ಹೆಜ್ಜಿ
ಹಮಾಲ ಖಾಸೀಮನ ಹೆಗಲ ಮ್ಯಾಲೆ ಹೋಗತದ.

ಆ ಸಲ ಕಡಲಿನಾಗ ಮಳಿಗಾಲ ಹತ್ತಿತ್ತು,
ನಮ್ಮಲ್ಲಿ ಇನ್ನೂ ಹಳಿ ಮುಟ್ಟಿದರ ಬೊಬ್ಬಿ.
ಏಳನೇ ಚೀಲ ಎತ್ತಿದ ಖಾಸೀಮ ನಿಂತುಬಿಟ್ಟ.
"ಮಾಸ್ತರ, ಇದರಾಗ ಯಾರೋ ಅದಾರ್ರಿ" ಅಂದ.
ಅವನ ಬೆನ್ನಿನಗುಂಟ ನೀರು ಇಳೀತಿತ್ತು.

ಮದರಾಸಿನ ಗಾರ್ಡು ಚೀಲ ತಕ್ಕಡಿಗೆ ಹಾಕಿಸಿದ.
ಪಟ್ಟಿಯಾಗ ಬರದದ್ದು ಮೂವತ್ತೊಂದು ಸೇರು,
ಮುಳ್ಳು ತೋರಿಸಿದ್ದು ನಲವತ್ತೆರಡು.
"ಹನ್ನೊಂದು ಸೇರು ಯಾರದು?"
"ಕಡಲಿಂದು," ಅಂದ ಮುಂಬೈ ಗಾರ್ಡು, ಬೀಡಿ ಹಚ್ಚತ.
"ಕಡಲಿನ ಹೆಸರಿಗೆ ಖಾನೆ ಇಲ್ಲ."
ಸಹಿ ಹಾಕಲಿಲ್ಲ. ಸೀಟಿ ಊದಿ ಹೋದ.

ಮಾಸ್ತರ ಸಿಂಗಾರವೇಲು ಚೀಲದ ಮುಂದ
ಹೆಣದ ಮುಂದ ಕೂತಂಗ ಕೂತ.
ಟೇಸನ್ನಿನ ಹಿಂದ ಶಾವಿಗಿ ಹೊಸಿಯೋ ತಾಯಮ್ಮನ್ನ
ಕರಕೊಂಡು ಬಂದದ್ದು ನಾನೇ.
ಒಣಗಿಸೋದು ಆಕಿಗೆ ಗೊತ್ತು, ಓದೋದು ಗೊತ್ತಿಲ್ಲ,
ಆವತ್ತು ಎರಡೂ ಬೇಕಾಗಿತ್ತು.

"ಒಂದರ ಮ್ಯಾಲೊಂದು ಹಾಕಬ್ಯಾಡ್ರಿ, ಅಂಟತಾವು.
ಗಾಳಿ ಬರೋ ಕಡೆ ಕಲ್ಲಿಡ್ರಿ."
ಹಾಸಬಂಡೆ ತುಂಬ ವಿಲಾಯತಿ.
ಖಾಸೀಮನ ಹುಡುಗ ಜೋಳದ ದಂಟು ಹಿಡಿದು
ಕಾಗಿ ಹೊಡಿಯಾಕ ಕೂತಾಂವ, ಕಾಗಿ ಬರಲಿಲ್ಲಂತ ನಿದ್ದಿ ಹೋದ.

ಕಾಗದ ಸುರುಟಿ ಹಪ್ಪಳಾದವು.
ಎಷ್ಟೋ ವಿಳಾಸ ಬರೀ ನೀಲಿ ಮೋಡ.
ಮಾಸ್ತರ ಒಂದೊಂದೇ ಕಣ್ಣಿಗೆ ಹಿಡಿದು
ಕಡೀಕ ಕನ್ನಡಕ ತಗದು ಕಿಸೆಯಾಗಿಟ್ಟ.
ಆರು ವರ್ಷದ ನೌಕರಿಯಾಗ ಅದೊಂದು ದಿನ
ಆತನೂ ನಾನೂ ಒಂದೇ ಸಾಲಿಯವರು.

ಗೋಂದು ಬಿಟ್ಟ ಲಕೋಟಿ ಒಂದು ತಾನೇ ಬಾಯಿ ತಗೀತು.
"ನೋಡಬಾರದು, ಕಾಯ್ದೆ ಅದ" ಅಂದ ಮಾಸ್ತರ.
ನಾವು ನೋಡಲಿಲ್ಲ.
ಕೂಸಿನ ಅಂಗೈ ಸುತ್ತ ಎಳದ ಗೆರಿ, ಐದು ಬೆರಳು,
ಕಿರಿಬೆರಳಿನ ಕಡೆ ಮಸಿ ಹರದಿತ್ತು.
ತಾಯಮ್ಮ ಅದರ ಮ್ಯಾಲೆ
ಎಲ್ಲಕ್ಕಿಂತ ಸಣ್ಣ ಕಲ್ಲು ಹುಡುಕಿ ಇಟ್ಟಳು.

ಮಧ್ಯಾಹ್ನ ನಿಜಾಮರ ಕರೋಡಗಿರಿ ಜವಾನ ಬಂದ.
ಬಂಡೆ ಮ್ಯಾಲೆ ಬೆಳ್ಳಗ ಕೂತದ್ದಕ್ಕ ಬೆರಳು ತೋರಿಸಿದ.
"ಇದು ಉಪ್ಪು. ಹೊರಗಿನ ಉಪ್ಪು. ಸುಂಕ ಕಟ್ಟೀರಿ?"
ತಾಯಮ್ಮ ಉಗುರಿನಿಂದ ಕೆರದು
ಚಿಟಿಕಿಯಷ್ಟು ಅವನ ಅಂಗೈಗೆ ಹಾಕಿದಳು:
"ತಗೋರಿ, ಸರಕಾರದ ಪಾಲು."
ಅವನು ಏನು ಮಾಡಬೇಕು ತಿಳೀದ ನೆಕ್ಕಿದ.

ನಾನೂ ನೆಕ್ಕಿದೆ, ಯಾರೂ ಇಲ್ಲದಾಗ.
ಕಡಲು ಅಂದರ ಇಷ್ಟೇನು ಅನಿಸಿತು.
ಆಮ್ಯಾಲೆ ಬಾಳ ಹೊತ್ತು ನೀರಡಿಕಿ.

ಸಂಜಿಗೆ ಚೀಲ ಕಟ್ಟಿ, ಅರಗು ಕಾಸಿ, ಹಿತ್ತಾಳಿ ಮುದ್ರಿ ಒತ್ತಿದೆ.
ಮನಿಗೆ ಹೊಂಟ ತಾಯಮ್ಮನ ಮೊಣಕೈಗೆ
ರಾಣಿ ಮುಖದ ಟಿಕೀಟು ಒಂದು ಅಂಟಿತ್ತು.
ನಾನು ಹೇಳಲಿಲ್ಲ.

ಮರುದಿನದ ಗಾಡಿಗೆ ಮತ್ತ ತಕ್ಕಡಿ.
ಮೂವತ್ತೊಂದು ಸೇರು, ಮ್ಯಾಲೊಂದು ಚಟಾಕು.
ಗಾರ್ಡು ಮಾಸ್ತರನ್ನ ನೋಡಿದ, ಮಾಸ್ತರ ನನ್ನ ನೋಡಿದ.
"ಅರಗು, ಸ್ವಲ್ಪ ಜಾಸ್ತಿ ಬಿತ್ತು" ಅಂದೆ.
ಸಹಿ ಬಿತ್ತು. ಚೀಲ ಹೋತು.
ಓದಾಕ ಬರದ ವಿಳಾಸದವು ಎಲ್ಲಿಗೆ ಹೋದವೋ,
ಆ ಐದು ಬೆರಳು ಯಾರಿಗೆ ಮುಟ್ಟಿದವೋ,
ನನ್ನ ಕೆಲಸ ಹದಿನೆಂಟು ಹೆಜ್ಜಿಯೊಳಗಿಂದು.

ಆ ವಾರ ತಾಯಮ್ಮನ ಆಡು ಮೂರೂ
ಹಸರು ಹಾಕಿದರೂ ತಿರುಗಿ ನೋಡಲಿಲ್ಲ,
ಬಂಡೆ ನೆಕ್ಕತ ನಿಂತಿದ್ದವು.